ಚೀಲಕ್ಕೊಂದು ಸ್ತೋತ್ರ

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ನಮ್ಮ ಆಫೀಸಿನಲ್ಲಿ ಒಂದು ಮಧ್ಯಾಹ್ನ ನನಗೆ ಮೂತ್ರ ಕಟ್ಟಿತು. ಇಂಥದ್ದನ್ನು ಸಭ್ಯರು ಬರೆಯುವುದಿಲ್ಲವೆಂದು ನನಗೂ ಗೊತ್ತು. ಆದರೆ ಈ ವಿಷಯದಲ್ಲಿ ನನ್ನ ಧರ್ಮವೇ ಸಂಕೋಚ ಬಿಟ್ಟಿರುವಾಗ ನಾನು ಯಾಕೆ ಮುಚ್ಚಿಡಲಿ?

ನಾವು ಬೆನೆ ಇಸ್ರೇಲ್, ಅಂದರೆ ಕೊಂಕಣ ತೀರದಲ್ಲಿ ಗಾಣ ತಿರುಗಿಸಿಕೊಂಡಿದ್ದ ಯಹೂದಿಗಳು. ಅಜ್ಜ ರೈಲ್ವೆ ಸೇರಿ ಹುಬ್ಬಳ್ಳಿಗೆ ಬಂದದ್ದರಿಂದ ನಮ್ಮ ಕನ್ನಡ ಆ ಕಡೆಯದು. ಅಡ್ಡಹೆಸರಿನ ತುದಿಗೆ ‘ಕರ್’ ಇರುವುದರಿಂದ ಅಬುಧಾಬಿಯಲ್ಲಿ ಎಲ್ಲರೂ ನನ್ನನ್ನು ಮಹಾರಾಷ್ಟ್ರದ ಹಿಂದೂ ಎಂದೇ ತಿಳಿದಿದ್ದರು. ಯಾರೂ ಕೇಳಲಿಲ್ಲ, ನಾನೂ ತಿದ್ದಲು ಹೋಗಲಿಲ್ಲ. ಅರಬರ ನಾಡಿನಲ್ಲಿ ಯಹೂದಿ ಎಂದು ಹೇಳಿಕೊಳ್ಳಲಾಗದ ಆ ವರ್ಷಗಳಲ್ಲಿ ನಮ್ಮಂಥವರು ಪ್ರಾರ್ಥನೆಯನ್ನು ತುಟಿಯೊಳಗೇ ಮುಗಿಸುತ್ತಿದ್ದರು.

ದೇವರನ್ನು ಹೊಗಳಲು ಕಾರಣ ಹುಡುಕುವುದು ನಮ್ಮಲ್ಲಿ ದಿನವಿಡೀ ನಡೆಯುವ ಉದ್ಯೋಗ. ರೊಟ್ಟಿಗೆ ಒಂದು ಸ್ತೋತ್ರ, ಹಣ್ಣಿಗೆ ಒಂದು, ಗುಡುಗಿಗೆ ಒಂದು, ಹೊಸ ಅಂಗಿಗೆ ಒಂದು. ಸಾವಿನ ಸುದ್ದಿ ಬಂದರೂ ಒಂದಿದೆ. ಪಾಯಖಾನೆಗೆ ಹೋಗಿಬಂದು ಕೈ ತೊಳೆದ ಮೇಲೂ ಒಂದಿದೆ. ಮನುಷ್ಯನನ್ನು ಜಾಣತನದಿಂದ ಮಾಡಿ ಅವನೊಳಗೆ ತೂತುಗಳನ್ನೂ ಕೊಳವೆಗಳನ್ನೂ ಇಟ್ಟವನು ನೀನು, ಮುಚ್ಚಿರಬೇಕಾದದ್ದು ತೆರೆದರೆ, ತೆರೆದಿರಬೇಕಾದದ್ದು ಮುಚ್ಚಿದರೆ ನಮ್ಮ ಕಥೆ ಮುಗಿಯಿತು, ಎಂಬ ಅರ್ಥದ್ದು. ಅಪ್ಪ ರೈಲ್ವೆ ಕ್ವಾರ್ಟರ್ಸಿನಲ್ಲಿ ಚೊಂಬು ಹಿಡಿದು ನಿಂತು ಕಲಿಸಿದ್ದು. ಅಂದಿನಿಂದ ನಾನು ಒಮ್ಮೆಯೂ ತಪ್ಪಿಸಿದವನಲ್ಲ. ಚಾಚೂ ತಪ್ಪದೆ ಬಿಲ್ಲು ಕಟ್ಟಿಕೊಂಡು ಬಂದವನ ಮನೆಗೇ ಬಂದು ಕರೆಂಟು ಕತ್ತರಿಸಿ ಹೋದರೆ ಏನೆನ್ನಬೇಕು?

ಆಸ್ಪತ್ರೆಯಲ್ಲಿ ನಳಿಗೆ ತೂರಿಸಿ, ತೊಡೆಗೊಂದು ಪ್ಲಾಸ್ಟಿಕ್ ಚೀಲ ಕಟ್ಟಿ ಮನೆಗೆ ಕಳಿಸಿದರು. ಪ್ರಾಸ್ಟೇಟ್ ದಪ್ಪವಾಗಿದೆಯಂತೆ. ಮಾತ್ರೆ ತೆಗೆದುಕೊಳ್ಳಿ, ಮುಂದಿನ ವಾರ ನಳಿಗೆ ತೆಗೆದು ನೋಡೋಣ, ತಾನಾಗಿ ಹೋದರೆ ಸರಿ, ಹೋಗದಿದ್ದರೆ ಮತ್ತೆ ನಳಿಗೆ, ಆಮೇಲೆ ಆಪರೇಷನ್ ಎಂದರು ಡಾಕ್ಟರು, ಮದುವೆಯ ಮುಹೂರ್ತ ಗೊತ್ತುಮಾಡುವವರ ಹಾಗೆ.

ಆಫೀಸಿನವರು ಫೋನ್ ಮಾಡಿ, ಕ್ಯಾನ್ಸರ್ ಅಲ್ಲವಲ್ಲ, ಪುಣ್ಯ ಎಂದರು. ನಾನು ಕಾಲಗಲಿಸಿ ನಡೆಯುವುದನ್ನು ಕಂಡ ವಾಚ್‌ಮನ್, ಬಿದ್ದಿರಾ ಎಂದು ಕೇಳಿ, ಇಲ್ಲವೆಂದದ್ದಕ್ಕೆ ಅಲ್‌ಹಮ್ದುಲಿಲ್ಲಾ ಎಂದ. ಊರಿಗೆ ಊರೇ ನನ್ನ ಪರವಾಗಿ ಕೃತಜ್ಞವಾಗಿತ್ತು. ನಾನೊಬ್ಬ ಮಾತ್ರ ಮುಷ್ಕರ ಹೂಡಿದೆ. ಕೊಳವೆ ರಿಪೇರಿಯಾಗುವವರೆಗೆ ಆ ಸ್ತೋತ್ರ ಬಂದ್ ಎಂದು ಮನೆಯಲ್ಲಿ ವಿಧಿವತ್ತಾಗಿ ಘೋಷಿಸಿದೆ.

ನನ್ನ ಹೆಂಡತಿ ವಾದ ಮಾಡಲಿಲ್ಲ. ಚೀಲ ತುಂಬಿದಾಗ ಖಾಲಿ ಮಾಡಿದಳು, ಸೋಪು ಹಚ್ಚಿ ಕೈ ತೊಳೆದಳು, ಫ್ರಿಜ್ಜಿನ ಕಡೆ ಮುಖ ಮಾಡಿ ನಿಂತು ಮೆಲ್ಲಗೆ ಏನೋ ಗುನುಗಿದಳು. ಗುರುತು ಹಿಡಿಯಲು ನನಗೆ ಹೊತ್ತು ಬೇಕಾಗಲಿಲ್ಲ.

“ಏನ್ ಹೇಳಾಕತ್ತಿ?” ಎಂದೆ.

“ನೀವು ಹೇಳಂಗಿಲ್ಲ ಅಂದ್ರಿ. ಅದಕ್ಕ ನಾ ಹೇಳಾಕತ್ತೀನಿ.”

“ಮೂತ್ರ ನಂದು.”

“ಚೀಲ ಖಾಲಿ ಮಾಡಿದಾಕಿ ನಾನು.”

ಯಾರಿಗೆ ಆಯಿತೋ ಅವರೇ ಹೇಳಬೇಕು, ಇದು ಕ್ರಮ. ನನಗೆ ಆಗಲಿಲ್ಲ, ನನ್ನ ಅಪ್ಪಣೆಯಿಲ್ಲದೆ ಚೀಲಕ್ಕೆ ಹರಿಯಿತು. ಆದ್ದರಿಂದ ಹೇಳಲೇಬೇಕಿದ್ದರೆ ಚೀಲವೇ ಹೇಳತಕ್ಕದ್ದು ಎಂದು ಶಾಸ್ತ್ರಿಗಳ ಗಾಂಭೀರ್ಯದಿಂದ ತೀರ್ಪು ಕೊಟ್ಟೆ.

“ಚೀಲಕ್ಕ ಹೀಬ್ರೂ ಬರಂಗಿಲ್ಲರೀ,” ಎಂದು ಆಕೆ ಒಳಗೆ ಹೋದಳು.

ಹೀಗೇ ಆ ವಾರ ಕಳೆಯಿತು. ಎಲೆಕ್ಟ್ರಾ ಸ್ಟ್ರೀಟಿನ ಆ ಫ್ಲಾಟಿನಲ್ಲಿ ನಾನು ಸೋಫಾದ ಮೇಲೆ ಹಲ್ಲು ಕಡಿಯುವುದು, ಆಕೆ ಫ್ರಿಜ್ಜಿನ ಎದುರು ನನ್ನ ದೇಹವನ್ನು ಹೊಗಳುವುದು. ಜಗಳ ಕಾಯುತ್ತಿರುವಾಗ ಎದುರಾಳಿಯ ವಕಾಲತ್ತನ್ನು ಸ್ವಂತ ಹೆಂಡತಿಯೇ ಹಿಡಿದರೆ ಆಗುವ ಉರಿ ನನಗೆ ಆಗುತ್ತಿತ್ತು.

ನಳಿಗೆ ತೆಗೆಯುವ ದಿನ ನನಗೆ ಸಿಕ್ಕಿದ್ದು ಎರಡು ಮಂಚದ ಕೋಣೆ. ಪಕ್ಕದ ಮಂಚದಲ್ಲಿ ಉಡುಪಿ ಕಡೆಯ ಒಬ್ಬ ಕೊಂಕಣಿ ಕ್ರಿಶ್ಚಿಯನ್, ಹೋಟೆಲಿನಲ್ಲಿ ಅಡುಗೆ ಮಾಡುವವರು. ಅವರಿಗೂ ಇದೇ ರೋಗ, ಇದೇ ಪರೀಕ್ಷೆ. ಮಲಯಾಳಿ ನರ್ಸು ಇಬ್ಬರ ನಳಿಗೆಯನ್ನೂ ತೆಗೆದು, ಇಬ್ಬರ ಕೈಗೂ ಅಳತೆಯ ಗೆರೆಯಿದ್ದ ಜಾರ್ ಕೊಟ್ಟು ಹಿಂದಿಯಲ್ಲಿ ಹೇಳಿದಳು, “ಅಂಕಲ್, ನೀರು ಕುಡೀರಿ, ಓಡಾಡಿ. ಟೆನ್ಶನ್ ಮಾಫಿ, ಬೇಡವೇ ಬೇಡ. ಸಂಜೆವರೆಗೂ ಆಗದಿದ್ದರೆ ಮತ್ತೆ ಹಾಕೋಣ.”

ನಾನು ಕುಡಿದೆ, ಓಡಾಡಿದೆ, ಪಾಯಖಾನೆಯ ಒಳಗೆ ಹೋದೆ, ಖಾಲಿ ಜಾರಿನೊಂದಿಗೆ ಹೊರಗೆ ಬಂದೆ.

“ಎಂತ ಮಾರಾಯ್ರೆ, ಪೇಪರ್ ಕಷ್ಟ ಉಂಟಾ?” ಎಂದರು ಅಡುಗೆಯವರು.

“ಸಿಲೆಬಸ್ಸಿನಾಚೆಯಿಂದ ಕೇಳ್ಯಾರ,” ಎಂದೆ.

ಮಧ್ಯಾಹ್ನ ದಾಟಿತು. ಹೊಟ್ಟೆಯ ಕೆಳಭಾಗ ಕಲ್ಲಾಯಿತು. ಮತ್ತೆ ಒಳಗೆ ಹೋದೆ, ನಲ್ಲಿ ಬಿಟ್ಟುಕೊಂಡು ನಿಂತೆ. ನಲ್ಲಿಯದು ಸರಾಗವಾಗಿ ಹೋಯಿತು. ಹೊರಗೆ ಬಂದರೆ ಕುರ್ಚಿಯಲ್ಲಿ ಕೂತ ಹೆಂಡತಿಯ ತುಟಿ ಅಲುಗುತ್ತಿತ್ತು. ವಾರದಿಂದ ತಡೆದದ್ದೆಲ್ಲ ಬಾಯಿಗೆ ಬಂತು.

“ಇನ್ನೂ ಏನೂ ಆಗಿಲ್ಲ. ಈಗ ಯಾವುದಕ್ಕ ಹೊಗಳಾಕತ್ತಿ?”

“ಹೊಗಳವಲ್ಲೆ. ಬೇಡ್ಕೊಳ್ಳಾಕತ್ತೀನಿ.”

“ಕೊಟ್ಟಿದ್ದನ್ನ ಕಸಗೊಂಡಾನ ಅಂವಾ. ಅಂಥಾವಗ ದಿನಾ ನನ್ನ ಹೆಸರಿಲೆ ಸ್ತೋತ್ರ ಹೇಳಿ ನನ್ನ ಮರ್ಯಾದಿ ಕಳದಿ.”

ಆಕೆ ತಲೆಯೆತ್ತಿದಳು. ನಮ್ಮ ದಾಂಪತ್ಯದಲ್ಲಿ ಸಿಟ್ಟಿನ ಇಲಾಖೆ ಯಾವಾಗಲೂ ನನ್ನ ಬಳಿಯೇ ಇತ್ತು. ಅಂದು ಆಕೆ ಅದನ್ನು ತೆಗೆದುಕೊಂಡಳು.

“ನಿಮ್ಮ ಹೆಸರಿಲೆ ಯಾರ್ ಹೇಳ್ಯಾರ? ಚೀಲ ತುಂಬ್ತಿತ್ತಲ್ಲ, ಅದಕ್ಕ ಹೇಳಿದೆ. ನಮ್ಮ ಅಣ್ಣಂದು ಕಡೀಕ ತುಂಬಲೇ ಇಲ್ಲ. ಮುಂಜಾನೆ ಎದ್ದು ನೋಡಿದ್ರ ಒಣಾ ಚೀಲ. ಮರುದಿನಾನೂ ಒಣಾ ಚೀಲ. ಕಟ್ಟಾಕಿ ಬಿಚ್ಚಾಕಿ ನಾನ ಇದ್ದೆ. ನಿಮಗ ಹ್ಯಾಂಗ ಗೊತ್ತಾಗಬೇಕು, ನೀವು ಇಲ್ಲಿದ್ರಿ.”

ಅವಳಣ್ಣ ಕಿಡ್ನಿ ಕೆಟ್ಟು ತೀರಿಕೊಂಡದ್ದು ನನಗೆ ಗೊತ್ತಿತ್ತು. ಹುಬ್ಬಳ್ಳಿಯಿಂದ ಫೋನ್ ಬಂದಾಗ, ಅಂಥ ಸುದ್ದಿಗೆಂದೇ ಇರುವ ಸಾಲನ್ನು ಹೇಳಿ ಆಫೀಸಿಗೆ ಹೋಗಿದ್ದೆ. ಒಣ ಚೀಲದ ಮಾತನ್ನು ಮಾತ್ರ ಆಕೆ ಎಂದೂ ಎತ್ತಿರಲಿಲ್ಲ.

ಅಲ್ಲಿಯವರೆಗೆ ನನ್ನ ಸಿಟ್ಟು ನನ್ನ ಮೂತ್ರಕೋಶದಷ್ಟೇ ದೊಡ್ಡದಿತ್ತು. ಈಗ ಅದಕ್ಕೆ ಆ ಕೋಣೆ ಸಾಲಲಿಲ್ಲ. ತಿರುಗಿ ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಹೋದದ್ದು ಮೂತ್ರಕ್ಕಲ್ಲ, ಜಗಳಕ್ಕೆ. ಗೋಡೆಯ ಬಿಳಿ ಟೈಲಿಗೆ ಹಣೆ ಹಚ್ಚಿ, ಜಾಣತನದಿಂದ ಮಾಡಿದೆಯಂತಲ್ಲ, ಒಣ ಚೀಲ ಹಿಡಿದು ನಿಂತ ತಂಗಿಗೆ ನಿನ್ನ ಜಾಣತನ ಎಂಥದ್ದೆಂದು ತೋರಿಸಿದೆಯೋ ಎಂದು ಶುದ್ಧ ಹುಬ್ಬಳ್ಳಿ ಕನ್ನಡದಲ್ಲಿ ಕೇಳಿದೆ. ಇನ್ನೂ ಕೇಳಿದೆ, ಅದೆಲ್ಲ ಅಚ್ಚಿಗೆ ಯೋಗ್ಯವಲ್ಲ. ಕೈಯಲ್ಲಿದ್ದ ಜಾರ್ ಯಾಕೆಂಬುದೇ ಮರೆತಿತ್ತು. ಉರಿಯುತ್ತ, ಹನಿಹನಿಯಾಗಿ, ಆಮೇಲೆ ಧಾರೆಯಾಗಿ ಹೋಗತೊಡಗಿದಾಗ ನಾನು ಬೈಗುಳದ ನಡುವೆ ಇದ್ದೆ.

ನರ್ಸು ಗೆರೆ ನೋಡಿ, “ಗುಡ್, ಅಂಕಲ್,” ಎಂದಳು. ನಾನು ಕೋಣೆಯ ಸಿಂಕಿನಲ್ಲಿ ಕೈ ತೊಳೆದೆ. ಹೆಂಡತಿ ನನ್ನತ್ತ ನೋಡಲಿಲ್ಲ. ತುಟಿ ಕಚ್ಚಿಕೊಂಡಿದ್ದಳು. ಈ ಸಲ ಆಕೆ ಹೇಳುವುದಿಲ್ಲವೆಂದು ಸ್ಪಷ್ಟವಾಗಿತ್ತು. ಆಗಿದ್ದು ನನಗೆ.

ಹೇಳಿದೆ. ತುಟಿಯೊಳಗಲ್ಲ, ಬಾಯಿಬಿಟ್ಟು, ಆಪಾದನೆ ಪಟ್ಟಿ ಓದುವ ಧ್ವನಿಯಲ್ಲಿ. ತೆರೆದಿರಬೇಕಾದದ್ದು ಮುಚ್ಚಿದರೆ ಎಂಬಲ್ಲಿಗೆ ಬಂದಾಗ ಸತ್ತವನ ನೆನಪಾಗಿ ಧ್ವನಿ ಇನ್ನೂ ಏರಿತು. ಮುಗಿದಾಗ ಕುರ್ಚಿಯಿಂದ “ಆಮೆನ್” ಎಂದು ಕೇಳಿಸಿತು. ಅದರಲ್ಲೂ ಮೃದುತ್ವವೇನೂ ಇರಲಿಲ್ಲ.

ಮಂಚಗಳ ನಡುವಿನ ಪರದೆ ಸರಿಯಿತು. “ಎಂತ ಅದು, ಸಂಸ್ಕೃತವಾ?” ಎಂದರು ಅಡುಗೆಯವರು.

“ಹೀಬ್ರೂ.”

ಇಷ್ಟು ವರ್ಷ ಮುಚ್ಚಿಟ್ಟದ್ದು ಒಂದು ಶಬ್ದದಲ್ಲಿ ಹೊರಬಿದ್ದಿತ್ತು. ಅವರು ನನ್ನನ್ನು, ಜಾರನ್ನು, ಮತ್ತೆ ನನ್ನನ್ನು ನೋಡಿದರು.

“ಮೂತ್ರಕ್ಕೂ ಒಂದು ಪ್ರಾರ್ಥನೆ ಉಂಟಾ ನಿಮ್ಮಲ್ಲಿ?”

“ಅದ.”

“ನಮ್ಮಲ್ಲಿ ಅದೊಂದು ಇಲ್ಲ ಅಲ್ಲ ಮಾರಾಯ್ರೆ. ನನಗೂ ಸೇರಿಸಿ ಒಂದು ಹೇಳಿ ಆಯ್ತಾ.”

“ಆಗೋಕಿಂತ ಮೊದಲ ಹೇಳೂ ಹಂಗಿಲ್ಲ.”

“ಆದ ಮೇಲೆ?”

ಹೆಂಡತಿ ಈಗ ನನ್ನ ಮುಖವನ್ನೇ ನೋಡುತ್ತಿದ್ದಳು.

“ಹೋಗ್ರಿ ಒಳಗ,” ಎಂದೆ. ಅವರು ಜಾರ್ ಹಿಡಿದು ಹೋದರು. ನನ್ನ ಸಿಟ್ಟು ಒಂದು ಹನಿಯೂ ಇಳಿದಿರಲಿಲ್ಲ. ಮಂಚದ ತುದಿಯಲ್ಲಿ, ಹೆಂಡತಿಯ ಕುರ್ಚಿಯ ಪಕ್ಕ ಕೂತು, ಬಾಗಿಲಿನಾಚೆ ಪರಪುರುಷನೊಬ್ಬನಿಗೆ ಆಗುವ ಸದ್ದಿಗೆ ಕಿವಿಗೊಟ್ಟೆ.