ಇಪ್ಪತ್ತೊಂದನೆಯ ಪೊರಕೆ

ಹಾರನಹಳ್ಳಿ ಹತ್ತಿರದ ನಮ್ಮೂರಿನಲ್ಲಿ ನಾವು ಹನ್ನೆರಡು ಜನ ಹೆಂಗಸರು ಸಂಘ ಕಟ್ಟಿಕೊಂಡು ತೆಂಗಿನ ಕಡ್ಡಿಯ ಪೊರಕೆ ಮಾಡುತ್ತೇವೆ. ಬೆಳಗಿನ ಪೂಜೆ, ಅಡುಗೆ, ಕೊಟ್ಟಿಗೆ ಕೆಲಸ ಮುಗಿದ ಮೇಲೆ ಎಲ್ಲರೂ ಅವರವರ ಮನೆಯ ಗರಿ ಹೊತ್ತುಕೊಂಡು ನಮ್ಮ ಮನೆಯ ಜಗಲಿಗೆ ಬರುತ್ತಾರೆ. ಗರಿ ಸೀಳುವುದು, ಕಡ್ಡಿ ಹೆರೆಯುವುದು, ಕಟ್ಟುವುದು, ಜೊತೆಗೆ ಊರಿನ ಸುದ್ದಿ. ಪಿರಿಯಾಪಟ್ಟಣದ ಒಬ್ಬ ಅಂಗಡಿಯವರು ತಿಂಗಳಿಗೊಮ್ಮೆ ಬಂದು, ತಮಗೆ ತೋಚಿದ ಬೆಲೆ ಹೇಳಿ ಎತ್ತಿಕೊಂಡು ಹೋಗುತ್ತಿದ್ದರು. ಅವರು ಅದನ್ನು ಸರ್ಕಾರಿ ಹಾಸ್ಟೆಲ್‌ಗಳಿಗೆ ಕೊಡುತ್ತಾರೆ ಎಂದು ನಮಗೆ ಗೊತ್ತಿತ್ತು. ಯಾವ ಹಾಸ್ಟೆಲ್‌ಗೆ ಎಷ್ಟು ಬೇಕು, ಅಲ್ಲಿ ಯಾರನ್ನು ಕಾಣಬೇಕು ಎಂಬುದು ಮಾತ್ರ ಅವರಿಗೇ ಗೊತ್ತು. ಪೊರಕೆ ನಮ್ಮದು, ಗೊತ್ತು ಅವರದು. ದುಡಿಮೆಯ ಮುಕ್ಕಾಲು ಪಾಲು ಆ ಗೊತ್ತಿಗೇ ಹೋಗುತ್ತಿತ್ತು. ಅವರನ್ನು ನಾನು ಬೈಯುವುದಿಲ್ಲ. ಅವರು ಬರದಿದ್ದರೆ ಆಗ ಅಷ್ಟೂ ಸಿಗುತ್ತಿರಲಿಲ್ಲ.

ಒಂದು ದಿನ ರೇಷನ್ ಕಾರ್ಡಿನ ಕೆಲಸಕ್ಕೆಂದು ಪಿರಿಯಾಪಟ್ಟಣದ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಸರ್ವರ್ ಬಂದಿರಲಿಲ್ಲ. ಕಾದು ಕೂತಿದ್ದಾಗ ಅಲ್ಲಿ ಕೆಲಸ ಮಾಡುವ ಹುಡುಗಿ, ನನ್ನ ಕೈಯಲ್ಲಿದ್ದ ಕಡ್ಡಿ ಗೀರಿನ ಗಾಯಗಳನ್ನು ನೋಡಿ ಏನು ಕೆಲಸ ಎಂದು ಕೇಳಿದಳು. ಹೇಳಿದೆ.

“ಅಯ್ಯೋ ಆಂಟಿ, ಪೊರಕೆ ಬೇಕು ಅಂತ ಸರ್ಕಾರದೋರೇ ಇಲ್ಲಿ ಹಾಕವ್ರೆ ನೋಡಿ” ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದಳು.

ಒಂದೊಂದು ಹಾಸ್ಟೆಲ್ ತನ್ನ ಪಾಡಿಗೆ ತಾನು ಕೊಳ್ಳುವುದು ನಿಂತಿತ್ತಂತೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ತಾಲ್ಲೂಕಿನ ಹಾಸ್ಟೆಲ್‌ಗಳಿಗೆ ಸೇರಿಸಿ ಒಂದೇ ಸಲ ಕಂಪ್ಯೂಟರಿನಲ್ಲಿ ಕೇಳುತ್ತಾರೆ. ಯಾರು ಬೇಕಾದರೂ ಬೆಲೆ ಹೇಳಬಹುದು. ಮಹಿಳಾ ಸಂಘವಾದರೆ ಠೇವಣಿ ಕಟ್ಟಬೇಕಾಗಿಲ್ಲ. ಅಂಗಡಿಯವರಿಗೆ ಮಾತ್ರ ಇದ್ದ ಗೊತ್ತು ಆ ಪರದೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬಿದ್ದಿತ್ತು. ಆ ಹೊತ್ತು ಸರ್ವರ್ ಕೈಕೊಟ್ಟದ್ದನ್ನು ನಾನು ಇವತ್ತಿಗೂ ದೇವರ ದಯೆ ಎಂದೇ ಎಣಿಸುತ್ತೇನೆ.

ಹುಡುಗಿಯೇ ನಮ್ಮ ಸಂಘದ ಹೆಸರು ನೋಂದಾಯಿಸಿದಳು, ನಾವು ಹೇಳಿದ ಬೆಲೆ ಹಾಕಿದಳು. ಮೂರು ವಾರಕ್ಕೆ ಆರ್ಡರ್ ನಮಗೇ ಬಂತು. ಸಾವಿರದ ಇನ್ನೂರು ಪೊರಕೆ, ಇಪ್ಪತ್ತಕ್ಕೊಂದು ಕಟ್ಟಿನಂತೆ ಅರವತ್ತು ಕಟ್ಟು, ಹುಣಸೂರಿನ ಗೋದಾಮಿಗೆ, ಇಂಥ ಶನಿವಾರದೊಳಗೆ. ಸುದ್ದಿ ತಿಳಿದ ಅಂಗಡಿಯವರು ಬಾಗಿಲಿಗೆ ಬಂದು, “ಇನ್ಮೇಲೆ ನಿಮ್ಮ ಪರಕೇನ ಸರ್ಕಾರನೇ ಕೊಂಡ್ಕಳ್ಳಿ ಕಣಮ್ಮ, ನಾನು ಬರಕಿಲ್ಲ” ಎಂದು ಹೇಳಿ ಹೋದರು. ಹೇಳಿದ ಹಾಗೆಯೇ ಮತ್ತೆ ಬರಲಿಲ್ಲ. ಹನ್ನೆರಡು ಮನೆಯ ಎರಡು ತಿಂಗಳ ಕೆಲಸ ಆ ಒಂದು ಆರ್ಡರಿನ ಮೇಲೆ ನಿಂತಿತು. ತೆಗೆದುಕೊಳ್ಳುವವರು ಬೇರೆ ಯಾರೂ ಇರಲಿಲ್ಲ.

ಎಲ್ಲ ಸಿದ್ಧವಾಗಿ ಕಟ್ಟು ಕಟ್ಟುವ ದಿನ ನನ್ನ ವಾರಗಿತ್ತಿ ಕೇಳಿದಳು.

“ಅಕ್ಕಾ, ಇಪ್ಪತ್ತು ಅಂದವ್ರೆ. ಕೊಸ್ರು?”

ನಮ್ಮ ಕಡೆ ರಾಗಿ ಅಳೆದರೂ, ಕಾಯಿ ಎಣಿಸಿದರೂ ಲೆಕ್ಕದ ಮೇಲೆ ಒಂದಿಷ್ಟು ಹೆಚ್ಚಿಗೆ ಹಾಕಿ ಕೊಡುತ್ತೇವೆ. ಅದೇ ಕೊಸರು. ಹಾಕದೆ ಕೊಟ್ಟರೆ ಕೊಟ್ಟವರ ಮನೆ ಏಳಿಗೆಯಾಗುವುದಿಲ್ಲ ಎಂದು ನಂಬಿದವರು ನಾವು.

“ಕೊಸ್ರು ಇಲ್ದೆ ಕಳ್ಸೋಕಾಯ್ತದೇನೆ? ಮೊದಲ್ನೆ ಯಾಪಾರ. ಕಟ್ಟಿಗೊಂದು ಸೇರ್ಸಿ” ಎಂದೆ ನಾನೇ.

ಒಳಗಿನಿಂದ ಅತ್ತೆಯೂ ದನಿಗೂಡಿಸಿದರು. “ಸರ್ಕಾರ ಅಂದ್ರೆ ದೊರೆ ಮನೆ ಇದ್ದಂಗೆ ಕಣ್ರವ್ವ. ಅಲ್ಲಿಗೆ ಕೈ ಬಿಗಿ ಮಾಡ್ಬ್ಯಾಡಿ.”

ಹುರಿಯನ್ನು ನೀರಿನಲ್ಲಿ ನೆನೆಸಿ ತಲೆಗೆ ಐದೈದು ಕಟ್ಟು ಕಟ್ಟಿದೆವು. ಹಸಿ ಹುರಿ ಒಣಗುತ್ತಾ ಬಿಗಿಯುತ್ತದೆ, ಕಟ್ಟು ಸಡಿಲವಾಗುವುದಿಲ್ಲ. ಗುರುವಾರ ಸಂಜೆಗೆ ಕೆಲಸ ಮುಗಿಯಿತು. ಮಾರನೆಯ ದಿನ ಶುಕ್ರವಾರ. ಶುಕ್ರವಾರ ಪೊರಕೆಯನ್ನು ಹೊಸ್ತಿಲು ದಾಟಿಸಿದರೆ ಲಕ್ಷ್ಮಿಯನ್ನು ಕಳಿಸಿಕೊಟ್ಟ ಹಾಗೆ. ಅದಕ್ಕೆ ಕೊನೆಯ ದಿನವಾದ ಶನಿವಾರವೇ ಗೂಡ್ಸ್ ಆಟೋಗೆ ಹೇರಿಕೊಂಡು ನಾನೂ ವಾರಗಿತ್ತಿಯೂ ಹೊರಟೆವು.

ಗೋದಾಮು ತಲುಪಿದಾಗ ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಅಲ್ಲಿನ ಸ್ಟೋರ್ ಕೀಪರ್ ಸಾವಧಾನದ ಮನುಷ್ಯ. ಒಂದು ಪೊರಕೆ ಎತ್ತಿ ನೆಲಕ್ಕೆ ಎರಡು ಸಲ ಗುಡಿಸಿ ನೋಡಿದರು, ಅಳತೆ ಪಟ್ಟಿಯಿಂದ ಉದ್ದ ಅಳೆದರು, ತಲೆಯಾಡಿಸಿದರು. ಆಮೇಲೆ ಒಂದು ಕಟ್ಟಿನ ಬುಡವನ್ನು ಬೆರಳಿಟ್ಟು ಎಣಿಸಿದರು. ಇನ್ನೊಂದನ್ನು ಎಣಿಸಿದರು.

“ಏನಮ್ಮ, ಇಪ್ಪತ್ತೊಂದಿದೆ?”

“ಕೊಸ್ರು ಸಾರ್” ಎಂದೆ ನಗುತ್ತಾ.

“ಎಲ್ಲಾದರಲ್ಲೂ?”

“ಎಲ್ಲಾದ್ರಲ್ಲೂ ಸಾರ್. ಮೋಸ ಇಲ್ಲ.”

ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಆರ್ಡರ್ ಇರೋದು ಸಾವಿರದ ಇನ್ನೂರಕ್ಕೆ. ನೀವು ತಂದಿರೋದು ಸಾವಿರದ ಇನ್ನೂರ ಅರವತ್ತು. ನನ್ನ ರಿಜಿಸ್ಟರಲ್ಲಿ ಕೊಸರು ಅಂತ ಕಾಲಂ ಇಲ್ಲಮ್ಮ.”

“ಹೆಚ್ಗೆ ಅಲ್ವಾ ಸಾರ್? ಕಮ್ಮಿ ಬಂದಿಲ್ವಲ್ಲ?”

“ಕಮ್ಮಿ ಬಂದ್ರೆ ನೀವು ಕಳ್ಳರು, ಜಾಸ್ತಿ ಬಂದ್ರೆ ನಾನು ಕಳ್ಳ. ಈ ಅರವತ್ತನ್ನ ಯಾರು ಕೊಟ್ರು, ಯಾಕೆ ಕೊಟ್ರು ಅಂತ ಆಡಿಟ್‌ನೋರು ಕೇಳಿದ್ರೆ ನಾನೇನು ಹೇಳ್ಲಿ? ಸರಿ ಮಾಡ್ಕೊಂಡು ಬನ್ನಿ. ಆದ್ರೆ ಇವತ್ತು ಐದು ಗಂಟೆಯೊಳಗೆ ನಾನು ಕಂಪ್ಯೂಟರಿಗೆ ಹಾಕ್ಲಿಲ್ಲ ಅಂದ್ರೆ ನಿಮ್ಮ ಆರ್ಡರ್ ರದ್ದು. ಅದು ನನ್ನ ಕೈಲಿಲ್ಲ.”

ಒಳ್ಳೆಯದಾಗಲಿ ಎಂದು ನಾನೇ ಹೇಳಿ ಮಾಡಿಸಿದ್ದು. ವಾಪಸು ಒಯ್ದರೆ ಹನ್ನೊಂದು ಜನರ ಮುಖ ಹೇಗೆ ನೋಡಲಿ? ಮನಸ್ಸಿನಲ್ಲೇ ಮನೆದೇವರಿಗೆ ಕೈಮುಗಿದು ಅಂಗಳಕ್ಕೆ ಬಂದೆ.

ಹುರಿ ಬಿಚ್ಚಲು ಹೋದರೆ ಗಂಟು ಕಲ್ಲಾಗಿದೆ. ಕತ್ತರಿಸಿದರೆ ಮತ್ತೆ ಕಟ್ಟಲು ಬೇರೆ ಹುರಿ ಇಲ್ಲ. ವಾರಗಿತ್ತಿ ಒಂದು ಕಟ್ಟನ್ನು ಮಂಡಿಯ ನಡುವೆ ಒತ್ತಿ ಹಿಡಿದು ನಡುವಿನ ಒಂದು ಪೊರಕೆಯನ್ನು ಎಳೆದೇ ಎಳೆದಳು. ಬಂತು. ಆದರೆ ಬಂದ ಕೂಡಲೇ ಕಟ್ಟು ಸಡಿಲವಾಗಿ, ಎತ್ತಿದರೆ ಉಳಿದ ಇಪ್ಪತ್ತೂ ಜಾರುವ ಹಾಗಾಯಿತು.

“ತಡೀರಕ್ಕ” ಎಂದಳು. ಅಂಗಳದ ಬೇಲಿಯಿಂದ ಗೇಣುದ್ದದ ಒಂದು ಕಡ್ಡಿ ಮುರಿದು ತಂದು, ಹುರಿಯ ಒಳಕ್ಕೆ ತೂರಿಸಿ ನಾಲ್ಕು ಸುತ್ತು ತಿರುವಿದಳು. ಗಾಡಿಗೆ ಹುಲ್ಲು ಹೇರಿದಾಗ ಹಗ್ಗ ಬಿಗಿಯುವುದಿಲ್ಲವೇ, ಹಾಗೆ. ಕಟ್ಟು ಮೊದಲಿಗಿಂತ ಗಟ್ಟಿಯಾಯಿತು. ಕಡ್ಡಿಯ ತುದಿಯನ್ನು ಒಳಕ್ಕೆ ಸಿಗಿಸಿದಳು.

ಅಲ್ಲಿಂದ ನಾನು ಎಳೆಯುವುದು, ಅವಳು ತಿರುವುವುದು. ಆಟೋದವರೂ ಬೀಡಿ ಆರಿಸಿ ಕೆಳಗಿಳಿದು ಕಡ್ಡಿ ಮುರಿದು ಕೊಡತೊಡಗಿದರು. ಒಮ್ಮೆ ಅವಸರದಲ್ಲಿ ಅವರು ರಾಶಿಯನ್ನು ದಾಟಿಕೊಂಡು ಬಂದರು.

“ಅಣ್ಣಾ, ದಾಟ್ಬ್ಯಾಡಿ! ಲಕ್ಷ್ಮಿ ಅದು” ಎಂದು ವಾರಗಿತ್ತಿ ಗದರಿದಳು.

“ಲಕ್ಷ್ಮೀನ ಮಂಡಿ ಮಧ್ಯ ಇಕ್ಕಂಡು ಹಿಂಡ್ತಾ ಇರೋರು ನೀವು ಕಣವ್ವ, ನಾನು ದಾಟಿದ್ದೇ ತಪ್ಪಾಯ್ತಾ?” ಎಂದರು ಅವರು. ಅಷ್ಟು ಗಾಬರಿಯಲ್ಲೂ ನಗು ಬಂತು.

ನಾಲ್ಕು ಗಂಟೆಗೆ ಸ್ಟೋರ್ ಕೀಪರ್ ಕುರ್ಚಿಯನ್ನು ಅಂಗಳಕ್ಕೇ ಹಾಕಿಸಿಕೊಂಡು, ಮುಗಿದ ಕಟ್ಟುಗಳನ್ನು ಒಂದೊಂದಾಗಿ ಎಣಿಸಿ ಒಳಕ್ಕೆ ಇಡಿಸತೊಡಗಿದರು. ಎಲ್ಲ ಮುಗಿಯಲಿ ಎಂದು ಅವರು ಒಳಗೇ ಕೂತಿದ್ದರೆ ಐದು ಗಂಟೆಯೊಳಗೆ ಆಗುತ್ತಿರಲಿಲ್ಲ. ಅದನ್ನು ಅವರು ಹೇಳಿಕೊಳ್ಳಲೂ ಇಲ್ಲ. ನಲವತ್ತಕ್ಕೂ ಹೆಚ್ಚು ಕಟ್ಟು ಒಳಗೆ ಹೋದ ಮೇಲೆ ಒಂದರ ಮೇಲೆ ಬೆರಳಿಟ್ಟು ನಿಲ್ಲಿಸಿದರು.

“ಇದರಲ್ಲಿ ಹತ್ತೊಂಬತ್ತು.”

ನಾನೂ ಎಣಿಸಿದೆ. ಹತ್ತೊಂಬತ್ತೇ. ಅಂದರೆ ಅದರಲ್ಲಿ ಮೊದಲಿಂದಲೂ ಇಪ್ಪತ್ತೇ ಇತ್ತು. ನಾವು ಎಣಿಸದೆ ಎಳೆದಿದ್ದೆವು.

“ಯಾರೇ ಇವ್ಳು, ಕೊಸ್ರು ಹಾಕ್ದೆ ಬುಟ್ಟೋಳು?” ಎಂದೆ.

“ನಮ್ಮಲ್ಲಿ ರೂಲ್ಸು ಓದ್ಕಂಡೋಳು ಅವ್ಳೊಬ್ಳೇ ಬುಡಕ್ಕ” ಎನ್ನುತ್ತಾ ವಾರಗಿತ್ತಿ ಒಂದು ಪೊರಕೆಯನ್ನು ಹಿಂದಕ್ಕೆ ತೂರಿಸಿದಳು. ಅಲ್ಲಿಂದ ಮುಂದೆ ಪ್ರತಿ ಕಟ್ಟನ್ನೂ ಎಣಿಸಿಯೇ ಎಳೆದೆವು.

ಐದಕ್ಕೆ ಹತ್ತು ನಿಮಿಷವಿರುವಾಗ ಅರವತ್ತನೆಯ ಕಟ್ಟು ಒಳಗೆ ಹೋಯಿತು. ಸ್ಟೋರ್ ಕೀಪರ್ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಅಕ್ಷರ ಒತ್ತಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಕೊನೆಗೆ ಒಂದು ಕಾಗದ ಹೊರಬಂತು. ಅದಕ್ಕೆ ಸೀಲು ಹಾಕಿ ಕೈಗೆ ಕೊಟ್ಟರು.

“ಪೊರಕೆ ಚೆನ್ನಾಗಿವೆ. ಮುಂದಿನ ಸಲ ಕೊಸರನ್ನ ಮನೇಲೇ ಬಿಟ್ಟು ಬನ್ನಿ” ಎಂದರು. ಮುಂದಿನ ಸಲ ಎಂಬ ಮಾತು ಅವರ ಬಾಯಿಂದ ಬಂತಲ್ಲ, ನನಗೆ ಅಷ್ಟು ಸಾಕಾಗಿತ್ತು. ಕೈಮುಗಿದು ಹೊರಟೆವು.

ಉಳಿದ ಪೊರಕೆಗಳನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ಬಂದಾಗ ಅತ್ತೆ ಜಗಲಿಯಲ್ಲೇ ಕಾದಿದ್ದರು. ನಡೆದದ್ದೆಲ್ಲ ಹೇಳಿದೆವು. ಅವರಿಗೆ ನಂಬಿಕೆಯೇ ಬರಲಿಲ್ಲ. “ಕೊಟ್ಟಿದ್ದನ್ನೂ ಈಸ್ಕಳಲ್ಲ ಅಂದ್ರೆ ಅದ್ಯಾವ ಸೀಮೆ ದೊರೆ ಮನೆಯವ್ವ?” ಎಂದರು. ಮಾರನೆಯ ದಿನ ಅವರೇ ನಿಂತು ಆ ಪೊರಕೆಗಳನ್ನು ದೇವಸ್ಥಾನಕ್ಕೂ ಶಾಲೆಗೂ ಅಂಗನವಾಡಿಗೂ ಹಂಚಿಸಿದರು.

ಸಂಘದವರೆಲ್ಲ ಸೇರಿದಾಗ, ಇಪ್ಪತ್ತೇ ಕಟ್ಟಿದವರು ಯಾರು ಎಂದು ಕೇಳಿದೆ. ತಮಾಷೆಗೇ ಕೇಳಿದ್ದು. ಮೂಲೆಯಲ್ಲಿದ್ದ ಒಬ್ಬಾಕೆ, ನಮ್ಮೆಲ್ಲರಿಗಿಂತ ಬಡವಳು, ಸೆರಗನ್ನು ಬಾಯಿಗೆ ಇಟ್ಟುಕೊಂಡು ಅಳತೊಡಗಿದಳು.

“ನಾನೇ ಕಣಕ್ಕ. ಕಡೇ ಕಟ್ಟಿಗೆ ಕಡ್ಡಿ ಮುಗ್ದೋಗಿತ್ತು. ನಮ್ಮನೇಲಿ ಬ್ಯಾರೆ ಗರಿ ಇರ್ನಿಲ್ಲ. ಅಂಗೇ ಕಟ್ಬುಟ್ಟೆ. ಅವತ್ತಿಂದ ನಿದ್ದೆ ಇಲ್ಲ ನಂಗೆ.”

ವಾರಗಿತ್ತಿ ಎದ್ದು ಹೋಗಿ ಅವಳ ಪಕ್ಕ ಕೂತಳು. “ಅಳ್ಬ್ಯಾಡ ಸುಮ್ನಿರೇ. ನಮ್ಮ ಹನ್ನೆರಡ್ರಲ್ಲಿ ಸರ್ಕಾರಕ್ಕೆ ಸರಿಯಾಗಿ ಕಟ್ಟಿದೋಳು ನೀನೊಬ್ಳೇ!”

ಅವಳಿಗೆ ಇದು ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಎರಡನೆಯ ಆರ್ಡರ್ ಬಂದಾಗ ಕಟ್ಟುಗಳನ್ನು ಎಣಿಸಿ ಒಪ್ಪುವ ಕೆಲಸವನ್ನು ಅವಳಿಗೇ ಬಿಟ್ಟೆವು. ಈಗ ಜಗಲಿಯ ತುದಿಯಲ್ಲಿ ಕೂತು ಪ್ರತಿ ಕಟ್ಟಿನ ಮೇಲೂ ಬೆರಳಾಡಿಸುತ್ತಾಳೆ. ಒಂದು ಹೆಚ್ಚಿದ್ದರೆ ನನ್ನ ಕಟ್ಟನ್ನೂ ವಾಪಸು ತಳ್ಳುತ್ತಾಳೆ.