ಮುಚ್ಚಿಟ್ಟ ಐದು ಇಂಜೆಕ್ಷನ್

ಕೊಪ್ಪಳ ಆಗಿನ್ನೂ ಹೊಸ ಜಿಲ್ಲೆ. ನಾನು ಯಲಬುರ್ಗಾ, ಕುಷ್ಟಗಿ ಸಂತೆಗಳಲ್ಲಿ ಎತ್ತಿನ ದಲಾಲಿ ಮಾಡುತ್ತಿದ್ದೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವ ಕೆಲಸ. ಇದ್ದದ್ದನ್ನೆಲ್ಲ ಬಾಯಿಬಿಟ್ಟವನು ಅಲ್ಲಿ ಉಳಿಯುವುದಿಲ್ಲ. ಆ ಚಾಳಿಯನ್ನು ಗಂಗಾವತಿಯ ಐಸಿಯುವಿಗೂ ಹೊತ್ತೊಯ್ದೆ.

ಅವ್ವನ ಕಾಲಿನ ಗಾಯ ಕೀವಾಗಿ ನಂಜು ರಕ್ತಕ್ಕೇರಿತ್ತು. ಡಾಕ್ಟರು ಮೊದಲು ಕೇಳಿದ್ದೇ, "ಇಲ್ಲಿಗೆ ಬರೂಕಿಂತ ಮೊದ್ಲ ಏನೇನ್ ಇಂಜೆಕ್ಷನ್ ಆಗ್ಯಾವ್ರಿ?"

"ಏನಿಲ್ರಿ. ಬರೇ ಜ್ವರದ ಗುಳಗಿ."

ಸುಳ್ಳು. ಊರಲ್ಲಿ ಸೂಜಿ ಚುಚ್ಚುವವನಿಂದ ಐದು ದಿನ ಇಂಜೆಕ್ಷನ್ ಮಾಡಿಸಿದ್ದೆ. ಹೇಳಿದರೆ ಇವರು ಸೇರಿಸಿಕೊಳ್ಳದೆ ಹುಬ್ಬಳ್ಳಿಗೆ ಸಾಗಹಾಕುತ್ತಾರೆ ಎಂದುಕೊಂಡಿದ್ದೆ.

ಮೂರನೆಯ ದಿನ ಮಧ್ಯಾಹ್ನ, ಹಸಿರು ಪರದೆಯಿಂದ ಸೋಸಿ ಬಂದ ಬಿಸಿಲು ಹಾಸಿಗೆಯ ಮೇಲೆ ತೇಲುತ್ತಿತ್ತು. ಎಲ್ಲರೂ ಕೆರೆಯ ತಳದಲ್ಲಿ ಮೆಲ್ಲಗೆ ನಡೆದಾಡಿದಂತೆ ಕಂಡು ನನಗೆ ಕಣ್ಣು ಎಳೆಯುತ್ತಿತ್ತು. ಅವ್ವ ಅರೆನಿದ್ದೆಯಲ್ಲೇ ಕೇಳಿದಳು: "ಯಪ್ಪಾ, ಕಾಲುವಿಗೆ ನೀರ ಬಿಟ್ಟಾರೇನ? ಕಿವ್ಯಾಗ ಒಂದ ಸವನ ಹರೀತೈತಿ."

"ಕನಸ ಬಿದ್ದೈತಿ ನಿನಗ. ಮಲಗು."

ಸಿಸ್ಟರ್ ಅದನ್ನು ಕೇಳಿಸಿಕೊಂಡು ಮೂತ್ರದ ಚೀಲ ಎತ್ತಿ ನೋಡಿದರು. ಬೆಳಗಿನಿಂದ ತಳವೂ ಮುಚ್ಚಿರಲಿಲ್ಲ. ಡಾಕ್ಟರು ರಕ್ತದ ರಿಪೋರ್ಟ್ ಹಿಡಿದೇ ಬಂದರು.

"ಕಿಡ್ನಿ ಸೋಲಾಕತ್ತೈತಿ. ನಾ ಕೊಟ್ಟ ಎರಡ ದಿನದ ಔಷಧಕ್ಕ ಇಷ್ಟ ಲಗೂ ಹಿಂಗ ಆಗೂದು ಕಮ್ಮಿ. ಖರೇ ಹೇಳ್ರಿ ಯಜಮಾನ್ರ, ಇದು ದನದ ಸಂತಿ ಅಲ್ಲ."

ಸೂಜಿಯವನು ಬರೆದುಕೊಟ್ಟಿದ್ದ ಚೀಟಿಯನ್ನು ಒಳಜೇಬಿನಿಂದ ತೆಗೆದುಕೊಟ್ಟೆ. ಇಲ್ಲಿ ಡಾಕ್ಟರು ಕೊಡುತ್ತಿದ್ದದ್ದೂ ಅದೇ ಔಷಧ.

"ನಂಜಿಗಂತ ಕೊಟ್ಟಿದ್ದ ಮೈಯಾಗ ಕೂಡಿ ನಂಜಾಗೈತಿ. ಈ ಔಷಧ ಹೆಚ್ಚಾದ್ರ ಕಿಡ್ನಿ, ಕಿವಿ ಎರಡೂ ಕೆಡಸ್ತೈತಿ," ಎಂದು ಅದನ್ನು ಆ ಗಳಿಗೆಗೇ ನಿಲ್ಲಿಸಿ, ಕಿಡ್ನಿಗೆ ಭಾರವಾಗದಂಥ ಬೇರೊಂದನ್ನು ಹಚ್ಚಿದರು. ತಾಸುತಾಸಿಗೆ ಮೂತ್ರ ಅಳೆದರು, ದಿನವೂ ರಕ್ತ ನೋಡಿದರು. "ಕಿಡ್ನಿ ಸುಧಾರಿಸಬಹುದು. ಕಿವೀದು ಹೇಳಾಕ ಬರಂಗಿಲ್ರಿ."

ಚೀಲವನ್ನೇ ನೋಡುತ್ತ ಕೂತೆ. ಹನಿಗಳು ಬಿದ್ದವೋ, ನಾನೇ ಕನಸು ಕಂಡೆನೋ ತಿಳಿಯದ ದಿನಗಳು. ಔಷಧ ಬದಲಿಸಿದ ನಾಲ್ಕನೆಯ ದಿನ ಚೀಲ ಅರ್ಧ ತುಂಬಿತು.

"ಉಚ್ಚಿ ನೋಡಿ ಇಷ್ಟ ಹಿಗ್ಗೋ ಮನಷ್ಯಾನ್ನ ಇವತ್ತ ಕಂಡೆ ನೋಡ್ರಿ," ಎಂದು ಸಿಸ್ಟರ್ ನಕ್ಕರು.

ನನ್ನಿಂದ ಇಷ್ಟು ಕಲಿಯಿರಿ: ಆಸ್ಪತ್ರೆಗೆ ಹಳೆಯ ಚೀಟಿ, ಖಾಲಿ ಬಾಟಲಿ ಎಲ್ಲ ಒಯ್ಯಿರಿ. ರೋಗಿ ಕಿವಿಯಲ್ಲಿ ಸಪ್ಪಳ ಎಂದರೆ, ತಲೆ ತಿರುಗುತ್ತದೆ ಎಂದರೆ, ಅದನ್ನು ಕನಸೆಂದು ತಳ್ಳಿಹಾಕಬೇಡಿ.

ಅವ್ವನ ಕಿಡ್ನಿ ಉಳಿಯಿತು. ಕಿವಿ ಮುಕ್ಕಾಲು ಹೋಯಿತು. ಊರಿಗೆ ಮರಳುವ ಬಸ್ಸಿನಲ್ಲಿ, ಕಿಟಕಿಯಾಚೆ ಭತ್ತದ ಹಸಿರು ಸರಿಯುತ್ತಿದ್ದಾಗ, ನಾನು ಮುಚ್ಚಿಟ್ಟದ್ದನ್ನು ಮೆಲ್ಲಗೆ ಹೇಳಿದೆ. ಅವಳು ನಕ್ಕಳು, ಕೇಳಿರಲಿಲ್ಲ. ಮತ್ತೆ ಹೇಳಿದೆ. ಮೂರನೆಯ ಸಲ ಕೂಗಿಯೇ ಹೇಳಬೇಕಾಯಿತು. ಬಸ್ಸಿನವರೆಲ್ಲ ತಿರುಗಿ ನೋಡಿದರು.

"ಈಗ ಕೇಳ್ತು," ಅಂದಳು ಅವ್ವ, ಕಿಟಕಿಯಿಂದ ಮುಖ ತಿರುಗಿಸದೆ.