ಮಳೆಯ ಪೂಜೆಗೆ ಫೋಟೊ ಸಾಕ್ಷಿ

ಗೆಳೆಯರೇ, ಮುಜರಾಯಿ ಗುಡಿಗಳಲ್ಲಿ ಮಳೆಗಾಗಿ ಪೂಜೆ ಮಾಡಿಸಿ, ನಾಲ್ಕು ಗಂಟೆಯೊಳಗೆ ಫೋಟೊ ಕಳಿಸಬೇಕೆಂದು ಇವತ್ತು ನಮಗೆ ಆದೇಶ ಬಂತು. ಗ್ರಾಮ ಆಡಳಿತಾಧಿಕಾರಿಯಾದ ನಾನು ಕೊಣನೂರಿನ ಹತ್ತಿರದ ಗುಡಿಗೆ ಓಡಿ, ಪೂಜೆ ಮಾಡಿಸಿದೆ.

“ಐನೋರೇ, ದೇವರದ್ದೊಂದು ಫೋಟೊ ತಗೀತೀನಿ. ಕಳಿಸ್ನಿಲ್ಲ ಅಂದ್ರೆ ನಂಗೆ ನೋಟಿಸ್ ಬತ್ತದೆ.”

ವಯಸ್ಸಾದ ಅರ್ಚಕರು ಗರ್ಭಗುಡಿಯ ಬಾಗಿಲ ಮೇಲಿನ ಬೋರ್ಡು ತೋರಿಸಿದರು: ‘ಫೋಟೊ ತೆಗೆಯಬಾರದು. ಸರ್ಕಾರದ ಆದೇಶ.’

“ಇದನ್ನ ಹಾಕ್ಸಿದ್ದೂ ನೀವೇ ಅಲ್ವೇನಪ್ಪಾ?”

ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. ಮಂಗಳಾರತಿ ತಟ್ಟೆ ಹಿಡಿದು, ಬಾಗಿಲಿಗೆ ಪರದೆ ಎಳೆದು, ಆ ಬೋರ್ಡಿನ ಕೆಳಗೇ ನಿಂತರು.

“ನನ್ನನ್ನೇ ತೆಗಿ. ನೋಟಿಸ್ ಭಯ ಇರೋದು ನಮ್ಮಿಬ್ಬರಿಗೆ ತಾನೇ, ದೇವರಿಗಲ್ಲವಲ್ಲ.”

ಫೋಟೊ ಕಳಿಸಿದೆ. ತಕ್ಷಣ ಮೇಲಿನಿಂದ ಉತ್ತರ ಬಂತು: ‘ಪೂಜೆಯ ಫಲಿತಾಂಶವನ್ನು ನಾಳೆಯೊಳಗೆ ವರದಿ ಮಾಡಿ.’

ಭಯ ಈಗ ದೇವರಿಗೂ ಶುರುವಾಗಿರಬೇಕು.